ಸೊನ್ನೆ ಬರೆದ ಮನೆಗಳೇ ದುಡ್ಡು ಕೊಟ್ಟವು: ಶಿರಸಿ ಸರ್ವೆಯ ನನ್ನ ಅನುಭವ

ಊರಿನ ಮರಗಳನ್ನು ಉಳಿಸಲು ಜನ ಎಷ್ಟು ದುಡ್ಡು ಕೊಡಲು ತಯಾರು ಎಂದು ಮನೆಮನೆಗೆ ಹೋಗಿ ಕೇಳುವುದು ನನ್ನ ಸರ್ವೆ. ಸುತ್ತ ಕಾಡಿರುವ ಶಿರಸಿಯಲ್ಲಿ ಪೇಟೆಯೊಳಗಿನ ಹಸಿರಿಗೆ ಯಾರೂ ದುಡ್ಡು ಬಿಚ್ಚುವುದಿಲ್ಲ ಎಂದು ಇದೇ ಕೆಲಸ ಮಾಡುವ ಸ್ನೇಹಿತರು ಹೇಳಿದ್ದರು. ಈಗ ನನ್ನ ಹತ್ತಿರ ಸುಮಾರು 400 ಮನೆಗಳ ಉತ್ತರವಿದೆ, ಹಣವೂ ಬಂದಿದೆ.

ಮೊದಲ ಸುತ್ತಿನಲ್ಲಿ ಕೇಳಿದ್ದು ಪೇಟೆಯ ಕೋಟೆಕೆರೆ ದಂಡೆಯ ಮರಗಳ ಬಗ್ಗೆ. ಆಸ್ತಿ ತೆರಿಗೆಯ ಜೊತೆ ಎಷ್ಟು ಸೇರಿಸಬಹುದು? ಹತ್ತರಲ್ಲಿ ಆರು ಮನೆ ಸೊನ್ನೆ. ಹುಡುಗರ ದಿನಗೂಲಿ, ಪೆಟ್ರೋಲು, ಜೆರಾಕ್ಸು ಸೇರಿ ಹದಿನೆಂಟು ಸಾವಿರದಷ್ಟು ನೀರಿಗೆ ಹೋಯಿತು ಎಂದೇ ಎಲ್ಲರೂ ಅಂದರು. ಆದರೆ ಸೊನ್ನೆಗೆ ಕಾರಣ ಬರೆಸಿಕೊಂಡಿದ್ದೆ. ಮರ ಬೇಡ ಎಂದವರು ಬೆರಳೆಣಿಕೆ. ಉಳಿದವರದು ಒಂದೇ ಪ್ರಶ್ನೆ: 'ಕೊಟ್ಟದ್ದು ಕೆರೆ ದಂಡೆಗೇ ಬರ್ತದಾ?' ಮರ ಅಪ್ಪಿ ಕಡಿತ ತಡೆದ ಅಪ್ಪಿಕೋ ಚಳವಳಿ 1983ರಲ್ಲಿ ಹುಟ್ಟಿದ ತಾಲೂಕಿದು, ಇಲ್ಲಿಯವರಿಗೆ ಮರದ ಬೆಲೆ ಕಲಿಸಬೇಕಿಲ್ಲ. ಮರ ಬೇಕು, ಆದರೆ ದುಡ್ಡು ಹೋಗುವ ದಾರಿಯ ಮೇಲೆ ನಂಬಿಕೆಯಿಲ್ಲ ಎನ್ನುವ ಇಂಥ ಪ್ರತಿಭಟನೆಯ ಸೊನ್ನೆಗಳನ್ನು ಕಿತ್ತೆಸೆದು ಸರಾಸರಿ ತೆಗೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ.

ಪಾವತಿಯ ದಾರಿ ಬದಲಿಸಿದೆ. ಸಹಕಾರಿ ಸಂಘದಲ್ಲಿ ಖಾತೆ, ಅದೇ ಕೇರಿಯ ಇಬ್ಬರ ಜಂಟಿ ಸಹಿ. 'ಎಷ್ಟು' ಎಂದು ಕೇಳುವುದನ್ನೂ ಬಿಟ್ಟೆ. ಇಂಥ ಸರ್ವೆ ಹೇಗಿರಬೇಕೆಂದು 1993ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಆರೋ, ಸೊಲೊ ಅವರ ಸಮಿತಿ ಹೇಳಿದಂತೆ ಮನೆಗೊಂದೇ ಮೊತ್ತ, ಹೌದು ಅಥವಾ ಇಲ್ಲ. ತಿಂಗಳಿಗೆ 20, 50, 100, 200 ರೂಪಾಯಿಯ ಚೀಟಿ ಮಾಡಿ ಹಂಚಿದೆ. ಐವತ್ತಕ್ಕೆ ಮೂರರಲ್ಲಿ ಎರಡು ಮನೆ ಹೌದು, ಇನ್ನೂರಕ್ಕೆ ಐದರಲ್ಲಿ ಒಂದು.  

ಕಾಲವೂ ಮುಖ್ಯ. ಅಡಿಕೆ ಕೊಯ್ಲಿನಲ್ಲಿ ಮನೆಯಲ್ಲಿ ಜನ ಸಿಗುವುದಿಲ್ಲ. ಮಾರಿಕಾಂಬಾ ಜಾತ್ರೆ ಮುಗಿದ ತಿಂಗಳು ಸಿಗುತ್ತಾರೆ, ಜೇಬು ಬರಿದಾಗಿರುತ್ತದೆ. ಆಷಾಢದ ಮಳೆಯಲ್ಲಿ ಹೋಗಿ, ಕುಳಿತು ಮಾತಾಡುತ್ತಾರೆ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲೂ ಗಾಳಿಮರಗಳಿಗಾಗಿ ಕೇಳಿ ನೋಡಿದೆ. ಹೊರಊರಿನವರು ಬಾಯಿಗೆ ಬಂದ ಮೊತ್ತ ಹೇಳಿದರು, ಆ ಹಾಳೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಶಿರಸಿಯಲ್ಲಿ ಇನ್ನೊಂದು ಪ್ರಯೋಗ ಫಲಿಸಿತು. ದುಡ್ಡಿಗೆ ಇಲ್ಲ ಎಂದ ಮನೆಗಳಿಗೆ 'ದಂಡೆಯ ಕೆಲಸಕ್ಕೆ ವರ್ಷಕ್ಕೆ ಎಷ್ಟು ದಿನದ ಆಳು ಕಳಿಸ್ತೀರಿ' ಎಂದೆ. ಹೆಚ್ಚಿನವರು ಎರಡು ಎಂದರು. ಇಂದಿನ ಕೂಲಿಗೆ ಅದು ಸಾವಿರ ದಾಟುತ್ತದೆ, ತಿಂಗಳಿಗೆ ಐವತ್ತು ಕೊಡುವ ಮನೆಯ ವರ್ಷದ ಆರುನೂರಕ್ಕಿಂತ ಜಾಸ್ತಿ.

ಬಾಯಿಮಾತು ಬೇರೆ, ಕೊಡುವುದು ಬೇರೆ ಎಂದು ಸ್ನೇಹಿತರು ಮತ್ತೆ ತಕರಾರು ತೆಗೆದರು. ರಸೀದಿ ಪುಸ್ತಕ ಹಿಡಿದು ಹೌದು ಎಂದ ಮನೆಗಳಿಗೇ ಹೋದೆ. ಅರ್ಧಕ್ಕಿಂತ ಹೆಚ್ಚು ಮನೆ ಕೊಟ್ಟವು. ಅದರಲ್ಲಿ ಮೊದಲ ಸುತ್ತಿನಲ್ಲಿ ಸೊನ್ನೆ ಬರೆದವು ನಲವತ್ತರ ಆಸುಪಾಸು.