ಉಡುಪಿಯ ಕೋವಿಡ್ ಲೆಕ್ಕ ಬಿಡಿಸೋದು ಹೇಗೆ? ಎಐ ಆಮೇಲೆ, ಮೊದಲು ಎಕ್ಸೆಲ್

2020ರ ಜೂನ್ 2ರಂದು ಕರ್ನಾಟಕದಲ್ಲಿ ಹೊಸ ಕೇಸು 388. ಅದರಲ್ಲಿ ಉಡುಪಿಯದ್ದೇ 150! ಈ ಅಂಕಿ ಮಾತ್ರ ಕೊಟ್ಟರೆ ಯಾವ ಎಐ ಆದರೂ ಉಡುಪಿ ಪೇಟೆ ತುಂಬ ಸೋಂಕು ಹಬ್ಬಿದೆ ಅಂತಲೇ ಹೇಳೀತು. ಆದರೆ ಅವರಲ್ಲಿ ಹೆಚ್ಚಿನವರು ಮಹಾರಾಷ್ಟ್ರದಿಂದ ಊರಿಗೆ ಬಂದು ಕ್ವಾರಂಟೈನ್‌ನಲ್ಲಿ ಇದ್ದವರು. ಹಾಗಾಗಿ ಹಳೆ ಅಂಕಿ ನೋಡಿ ಮುಂದಿನದ್ದು ಅಂದಾಜಿಸುವ ಮಾಡೆಲ್ ಕಟ್ಟುವ ಮೊದಲು ಅಂಕಿ ಎಲ್ಲಿಂದ ಬಂತು ಅಂತ ಕೇಳಿ ಮಾರಾಯ್ರೆ.

ಡೇಟಾ ಹುಡುಕುವುದು ಕಷ್ಟ ಇಲ್ಲ. ಸ್ವಯಂಸೇವಕರು ನಡೆಸುತ್ತಿದ್ದ ಕೋವಿಡ್19ಇಂಡಿಯಾ ಅನ್ನುವ ವೆಬ್‌ಸೈಟ್ 2021ರ ಅಕ್ಟೋಬರ್ ಕೊನೆಗೆ ನಿಂತರೂ ಅದರ ಜಿಲ್ಲಾವಾರು ಫೈಲು ಉಳಿದಿದೆ. ತೆರೆದರೆ ಒಂದು ವಿಷಯ ಗಮನಿಸಿ: ಅದರಲ್ಲಿರುವುದು ಅಲ್ಲಿವರೆಗಿನ ಒಟ್ಟು ಕೇಸು. ಇವತ್ತಿನದ್ದರಿಂದ ನಿನ್ನೆಯದ್ದು ಕಳೆದರೆ ಹೊಸ ಕೇಸು ಸಿಗುತ್ತದೆ. ಕೆಲವು ಕಡೆ ಮೈನಸ್ ಬಂದರೆ ಗಾಬರಿ ಬೇಡ, ಹಳೆ ತಪ್ಪನ್ನು ಆಮೇಲೆ ತಿದ್ದಿದ್ದು ಇರಬಹುದು. ಅಂಥ ಸಾಲನ್ನು ಅಳಿಸಬೇಡಿ, ಪಕ್ಕದಲ್ಲಿ ಗುರುತು ಹಾಕಿ.

ಆಮೇಲೆ ಏಳು ದಿನದ ಸರಾಸರಿ ತೆಗೆಯಿರಿ. ಭಾನುವಾರ ಟೆಸ್ಟ್ ಕಡಿಮೆ, ಹಾಗಾಗಿ ಸೋಮವಾರ ರೋಗ ಇಳಿದ ಹಾಗೆ ಕಾಣುತ್ತದೆ, ಅದನ್ನು ನೋಡಿ ಖುಷಿಪಟ್ಟವರು ಎಷ್ಟು ಜನ ಅಲ್ವಾ? ಟೆಸ್ಟ್ ಸಂಖ್ಯೆ ಸಿಕ್ಕರೆ ನೂರಕ್ಕೆ ಎಷ್ಟು ಪಾಸಿಟಿವ್ ಅಂತಲೂ ನೋಡಿ.

ಮಂಗಳೂರು ಕಡೆಗೆ ಹೋಲಿಸುವುದಾದರೆ ಲಕ್ಷ ಜನಕ್ಕೆ ಎಷ್ಟು ಅಂತ ಲೆಕ್ಕ ಹಾಕಿ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡಕ್ಕೆ 20.9 ಲಕ್ಷ, ಉಡುಪಿಗೆ 11.8 ಲಕ್ಷ. ಬರೀ ಕೇಸು ಹಿಡಿದು ಎರಡು ಜಿಲ್ಲೆಯ ಜಗಳ ಹಚ್ಚಬೇಡಿ.

ಇನ್ನು ಎಐ. ಇಷ್ಟೂ ಕೆಲಸಕ್ಕೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕೋಡ್ ಬೇಕಾದರೆ ಚಾಟ್‌ಬಾಟ್ ಬರೆದುಕೊಡುತ್ತದೆ, ಆದರೆ ನಾಲ್ಕೈದು ದಿನದ ಲೆಕ್ಕ ಕೈಯಲ್ಲಿ ಮಾಡಿ ತಾಳೆ ನೋಡಿ. ಮುಂದೆ ಏನಾಗುತ್ತದೆ ಅಂತ ಹೇಳುವ ಮಾಡೆಲ್ ಮಾಡಿದರೆ ಕೊನೆಯ 14 ದಿನದ ಡೇಟಾ ಅದಕ್ಕೆ ತೋರಿಸಬೇಡಿ. ಆ 14 ದಿನಕ್ಕೆ ಅದರ ಅಂದಾಜು ಬರೆದಿಡಿ, ಪಕ್ಕದಲ್ಲೇ 'ಈ ವಾರದ ಸರಾಸರಿಯೇ ಮುಂದೆಯೂ' ಅನ್ನುವ ಅಜ್ಜಿ ಲೆಕ್ಕವನ್ನೂ ಬರೆದಿಡಿ, ಆಮೇಲೆ ನಿಜದ ಅಂಕಿ ತೆಗೆದು ಎರಡನ್ನೂ ಹೋಲಿಸಿ. ಅಜ್ಜಿಯೇ ಗೆದ್ದರೆ ಮಾಡೆಲ್ ಬಿಟ್ಟುಬಿಡಿ. ನನ್ನ ಮೊದಲ ಮಾಡೆಲ್ ಸೋತಿತ್ತು. ಜೂನ್ 2ರ ಆ 150 ಅದರ ತಲೆ ಕೆಡಿಸಿತ್ತು.