ಕನಕಾಂಬರ, ಮಲ್ಲಿಗೆ, ಮಲ್ಲಿಗೆ: ಚಿಕ್ಕ ಮಕ್ಕಳಿಗೆ ಪ್ಯಾಟರ್ನ್ ಆಟ ಆಡ್ಸೋದು ಹೆಂಗೆ

ಮಗಳಿಗೆ ನಾಲ್ಕು ವರ್ಷ ಇದ್ದಾಗ ಪ್ರೀಸ್ಕೂಲಿಂದ ಒಂದು ವರ್ಕ್‌ಶೀಟ್ ತಂದಿದ್ಲು, ಕೆಂಪು ನೀಲಿ ಕೆಂಪು ನೀಲಿ ಅಂತ ಬಣ್ಣ ಹಚ್ಚೋದು, ಒಂದೂ ತಪ್ಪಿಲ್ಲ, ಮೇಲೊಂದು ದೊಡ್ಡ ಸ್ಟಾರ್ ಬೇರೆ. ನಂಗೂ ಖುಷಿಯಾಗಿ ಅವತ್ತು ಸಂಜೆ ನೆಲದ ಮೇಲೆ ಕಡ್ಲೆಕಾಳು, ಕಡ್ಲೆಕಾಳು, ಅವರೆಕಾಳು, ಮತ್ತೆ ಕಡ್ಲೆ, ಕಡ್ಲೆ, ಅವರೆ ಅಂತ ಜೋಡಿಸಿ "ಮುಂದೆ ನೀನಿಡು ಪುಟ್ಟಿ" ಅಂದೆ. ಕಡ್ಲೆ ಇಟ್ಲು, ಸರಿ. ಆಮೇಲೆ ಅವರೆ, ಆಮೇಲೆ ಕಡ್ಲೆ, ಆಮೇಲೆ ಅವರೆ! ಸಾಲು ಪೂರ್ತಿ ಹಂಗೇ ಹೋಯ್ತು. ಸ್ಟಾರ್ ಬಿದ್ದಿದ್ರೂ ಅವಳಿಗೆ ಗೊತ್ತಿದ್ದಿದ್ದು "ಒಂದಾದ್ಮೇಲೆ ಇನ್ನೊಂದು" ಅಷ್ಟೇ.

ಅಲ್ಲಿಂದ ನಾನು ಕಲ್ತಿದ್ದು ಏನಪ್ಪಾ ಅಂದ್ರೆ, ಮಗುಗೆ ತೋರಿಸ್ಬೇಕಾಗಿದ್ದು ಆ ತುಂಡು. ಕಡ್ಲೆ-ಕಡ್ಲೆ-ಅವರೆ ಒಂದು ತುಂಡು, ಅದೇ ಮತ್ತೆ ಮತ್ತೆ ಬರ್ತಿದೆ. ನಮ್ಮನೇಲಿ ಅದಕ್ಕೆ ರೈಲು ಡಬ್ಬಿ ಅಂತೀವಿ, ಪ್ರತಿ ಡಬ್ಬೀಲೂ ಅದೇ ಜನ ಅದೇ ಸೀಟಲ್ಲಿ ಕೂತಿರ್ತಾರೆ. ಮೊದಮೊದಲು ಡಬ್ಬಿ ಡಬ್ಬಿ ನಡುವೆ ಒಂದು ಬೆರಳು ಜಾಗ ಬಿಟ್ಟು ಜೋಡಿಸಿ, ಬಾಯಲ್ಲೂ ರಾಗವಾಗಿ ಹೇಳಿ, ಅರ್ಥ ಆಗ್ತಾ ಬಂದ ಹಂಗೆ ಆ ಗ್ಯಾಪ್ ಮುಚ್ಚಿಬಿಡಿ. ಇನ್ನೊಂದು, ಡಬ್ಬಿ ಕನಿಷ್ಠ ಮೂರು ಸಲ ಬಂದ ಮೇಲೇನೇ "ಮುಂದೆ ಏನು" ಅಂತ ಕೇಳಿ. ಒಂದು ಕಡ್ಲೆ ಒಂದು ಅವರೆ ಇಟ್ಟು ಮುಂದೆ ಯಾವ್ದು ಅಂತ ಕೇಳಿದ್ರೆ ಮಗು ಏನಿಟ್ರೂ ಸರೀನೇ ಅಲ್ವಾ, ಅದನ್ನ ತಪ್ಪು ಅನ್ನೋಕೆ ನಾವ್ಯಾರು.

ಕಾಳು ಮಾತ್ರ ಮೂರು ವರ್ಷ ದಾಟಿದ ಮಕ್ಕಳಿಗೆ, ಅದೂ ನೀವು ಪಕ್ಕದಲ್ಲೇ ಕೂತಿದ್ರೆ. ಬಾಯಿಗೆ, ಮೂಗಿಗೆ ಹಾಕ್ಕೊಳ್ಳೋ ಮಕ್ಕಳಿಗೆ ಕಾಳು, ಮಣಿ, ಬಟನ್ ಯಾವ್ದೂ ಬೇಡ, ಗಂಟಲಿಗೆ ಸಿಕ್ಕಿಕೊಂಡ್ರೆ ಕಷ್ಟ. ಚಮಚ, ಲೋಟ, ಬಟ್ಟೆ ಕ್ಲಿಪ್ಪು, ದೊಡ್ಡ ಡಬ್ಬದ ಮುಚ್ಚಳ ಸಾಕು.

ನಂಗೆ ಎಲ್ಲಕ್ಕಿಂತ ಚೆನ್ನಾಗಿ ವರ್ಕ್ ಆಗಿದ್ದು ಹೂವು. ಹೂ ಕಟ್ಟೋದು ಅಂದ್ರೆ ಕೈಲಿ ಮಾಡೋ ಪ್ಯಾಟರ್ನೇ. ನಮ್ಮತ್ತೆ ಎರಡು ಮಲ್ಲಿಗೆ, ಎರಡು ಕನಕಾಂಬರ, ನಡುವೆ ಒಂಚೂರು ಮರುಗ ಇಟ್ಟು ಕಟ್ತಾರೆ, ಮಾತಾಡ್ತಾ ಟಿವಿ ನೋಡ್ತಾ ಕಟ್ಟಿದ್ರೂ ತಪ್ಪಲ್ಲ. ಪುಟ್ಟ ಕೈಗೆ ಗಂಟು ಹಾಕೋದು ಬರಲ್ಲ, ಅದಕ್ಕೆ ಕಟ್ಟೋ ಕೆಲಸ ನಿಮ್ಮದು, ಹೂ ಎತ್ತಿ ಕೊಡೋ ಕೆಲಸ ಮಗೂದು. ಮೊದಲು ಹೂವನ್ನೆಲ್ಲ ಬೇರೆ ಬೇರೆ ತಟ್ಟೆಗೆ ವಿಂಗಡಿಸ್ಲಿ, ಅದೂ ಒಂದು ಪಾಠಾನೇ. ಆಮೇಲೆ "ಕನಕಾಂಬರ, ಮಲ್ಲಿಗೆ, ಮಲ್ಲಿಗೆ" ಅಂತ ನೀವು ನಾಲ್ಕು ಸಲ ಹೇಳ್ತಾ ಕಟ್ಟಿ, ಐದನೇ ಸಲ ಸುಮ್ಮನೆ ಕೈ ಚಾಚಿ. ಏನು ಕೊಡುತ್ತೆ ನೋಡಿ. ನನ್ನ ಮಗಳು ಒಂದ್ಸಲ ಕನಕಾಂಬರ ಕೊಟ್ಲು, ಮಲ್ಲಿಗೆ ಕೊಟ್ಲು, ಮತ್ತೆ ಕನಕಾಂಬರ ಕೈಗೆ ತಗೊಂಡವಳು ಹಂಗೇ ನಿಲ್ಲಿಸಿ, ದಾರದಲ್ಲಿದ್ದ ಹೂವನ್ನ ಬೆರಳಲ್ಲಿ ಮುಟ್ಟಿ ಮುಟ್ಟಿ ಏನೋ ಗೊಣಗಿಕೊಂಡು ಅದನ್ನ ತಟ್ಟೆಗೆ ವಾಪಸ್ ಹಾಕಿ ಮಲ್ಲಿಗೆ ಎತ್ತಿಕೊಂಡ್ಲು. ಆ ಹತ್ತು ಸೆಕೆಂಡು ನಾವು ಬಾಯಿ ಮುಚ್ಚಿಕೊಂಡಿರೋದೇ ಕಷ್ಟದ ಕೆಲಸ, "ಅಯ್ಯೋ ಅದಲ್ಲ ಕಣೆ" ಅಂದ್ಬಿಟ್ರೆ ಮುಗೀತು. ಸ್ವಂತ ಪೋಣಿಸಬೇಕು ಅಂತ ಹಟ ಮಾಡಿದ್ರೆ ಸೇವಂತಿಗೆ ಕೊಡಿ, ಸೂಜಿ ಬೇಡ, ತೆಂಗಿನ ಪೊರಕೆ ಕಡ್ಡಿಯ ತುದಿ ಮುರಿದು ಕೊಟ್ರೆ ಹಳದಿ ಬಿಳಿ ಹಳದಿ ಬಿಳಿ ಅಂತ ಚುಚ್ಚುತ್ತಾ ಕೂತ್ಕೊಳ್ತಾರೆ.

ಆಟಗಳಲ್ಲಿ ಯಾವುದಾದ್ಮೇಲೆ ಯಾವುದು ಆಡ್ಸೋದು ಅಂತ ಕೇಳೋರಿಗೆ: ಮೊದಲು ನಿಮ್ಮ ಸಾಲು ನೋಡಿ ಪಕ್ಕದಲ್ಲಿ ಅದೇ ಥರ ಜೋಡಿಸೋದು, ಆಮೇಲೆ ಸಾಲನ್ನ ಮುಂದುವರಿಸೋದು, ಆಮೇಲೆ ಮಧ್ಯ ಒಂದನ್ನ ಎತ್ತಿ ಬಚ್ಚಿಟ್ಟು "ಯಾವ್ದು ಕಳೆದೋಯ್ತು" ಅಂತ ಹುಡುಕಿಸೋದು. ಇದಕ್ಕಿಂತ ಕಷ್ಟದ್ದು, ಆದ್ರೆ ನನ್ನ ಪ್ರಕಾರ ಅಸಲಿ ಟೆಸ್ಟು, ಅಂದ್ರೆ ವಸ್ತು ಬದಲಾಯಿಸೋದು. ಕಡ್ಲೆ-ಕಡ್ಲೆ-ಅವರೇನ ಚಮಚ ಲೋಟದಲ್ಲಿ ಮಾಡು ಅಂದಾಗ ಚಮಚ-ಚಮಚ-ಲೋಟ ಅಂತ ಇಟ್ರೆ ಮಗುಗೆ ತುಂಡು ಸಿಕ್ಕಿದೆ ಅಂತ. 3ರಿಂದ 8 ವರ್ಷದ ಮಕ್ಕಳಿಗೆ ಅಂತ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಲ್ಲೂ ಸುತ್ತಮುತ್ತ ಇರೋ ಪ್ಯಾಟರ್ನು, ಆಕಾರದ್ದು, ಸಂಖ್ಯೆದು ಗುರುತಿಸಿ ಮುಂದುವರಿಸೋದು ಇದೆ, ಸ್ಕೂಲಲ್ಲಿ ಬರೀ ಬಣ್ಣ ಹಚ್ಚಿಸ್ತಿದ್ರೆ ಮನೇಲಿ ಇದನ್ನ ಮಾಡ್ಸಿ.

ಕೂತಲ್ಲಿ ಕೂರದ ಮಕ್ಕಳಿಗೆ ತಾಳ ಕೊಡಿ. ಕರ್ನಾಟಕ ಸಂಗೀತದಲ್ಲಿ ರೂಪಕ ತಾಳ ಹಾಕೋದನ್ನ ನೋಡಿರ್ತೀರಲ್ಲ, ಚಪ್ಪಾಳೆ, ಚಪ್ಪಾಳೆ, ಕೈ ತಿರುಗಿಸು, ಅದು ನಮ್ಮ ಕಡ್ಲೆ-ಕಡ್ಲೆ-ಅವರೇನೇ! ಇದನ್ನ ಹೇಳಿದಾಗ ಮಗಳು ಒಂದು ಕಡೆ ಕಾಳು ಮುಟ್ಟುತ್ತಾ ಇನ್ನೊಂದು ಕಡೆ ತೊಡೆ ತಟ್ಟುತ್ತಾ ಅರ್ಧ ಗಂಟೆ ಅದೇ ಮಾಡಿದ್ಲು. ತಕಿಟ ತಕಿಟ ಅಂತ ಮೂರಕ್ಕೆ, ತಕಧಿಮಿ ಅಂತ ನಾಲ್ಕಕ್ಕೆ ನಡೆಸಬಹುದು, "ತ" ಬಂದಾಗೆಲ್ಲ ಒಂದು ಜಿಗಿತ. ಆದಿತಾಳ ಎಂಟು ಎಣಿಕೆ, ಚಪ್ಪಾಳೆ ಆದ್ಮೇಲೆ ಮೂರು ಬೆರಳು ಎಣಿಸಿ ಮತ್ತೆ ಚಪ್ಪಾಳೆ-ತಿರುಗಿಸು ಎರಡು ಸಲ, ಐದು ವರ್ಷದ ಮೇಲೆ ಟ್ರೈ ಮಾಡಿ, ಅದಕ್ಕೂ ಮುಂಚೆ ಬೆರಳುಗಳೇ ಮಾತು ಕೇಳಲ್ಲ.

ರಂಗೋಲಿ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಅಲ್ಲಿ ಬೇರೆ ಥರದ ಪ್ಯಾಟರ್ನ್ ಇದೆ, ರಿಪೀಟ್ ಆಗೋದಲ್ಲ, ಬೆಳೆಯೋದು. ನೇರ ಚುಕ್ಕಿ 5ರಿಂದ 1 ಅಂದ್ರೆ ನಡುವೆ 5, ಮೇಲೆ ಕೆಳಗೆ ಮೂರು ಮೂರು, ಎರಡೂ ತುದಿಗೆ ಒಂದೊಂದು, ಒಟ್ಟು 13. ಸಂದು ಚುಕ್ಕೀಲಿ ಎರಡು ಚುಕ್ಕಿ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರತ್ತೆ, 5ರಿಂದ 3 ಅಂದ್ರೆ 3, 4, 5, 4, 3, ಅದು 19 ಆಗತ್ತೆ. ಗೆರೆ ಎಳೆಯೋದು ಆಮೇಲೆ, ಬರೀ ಚುಕ್ಕಿ ಸಾಲು ಇಡಿಸಿ, ಹುಡಿ ಬೇಡ, ಸೀಮೆಸುಣ್ಣ ಸಾಕು. "ಈ ಸಾಲಲ್ಲಿ ಮೂರು, ಇದರಲ್ಲಿ ನಾಲ್ಕು, ಮುಂದಿನದ್ರಲ್ಲಿ ಎಷ್ಟಿರಬೇಕು?" ಐದು ಅಂತ ಬಂತು ಅಂದ್ರೆ ಲೆಕ್ಕ ಶುರುವಾಯ್ತು ಅಂತ್ಲೇ. ಚುಕ್ಕಿ ಸೊಟ್ಟ ಬಿದ್ರೆ ಬಿಡಿ, ನಾನೂ ಇವತ್ತಿಗೂ ಸೊಟ್ಟವೇ ಇಡೋದು.

ದಿನಾ ಹತ್ತು ನಿಮಿಷದ ಮೇಲೆ ಎಳೀಬೇಡಿ, ಬೋರಾದ್ರೆ ನಿಲ್ಲಿಸಿ. ಬೇಜಾರಾದ ದಿನಕ್ಕೆ ಒಂದು ಉಪಾಯ, ನೀವೇ ಬೇಕಂತ ತಪ್ಪು ಮಾಡಿ. ಬಟ್ಟೆ ಒಣಹಾಕುವಾಗ ಕೆಂಪು ಕ್ಲಿಪ್, ಹಸಿರು ಕ್ಲಿಪ್ ಅಂತ ಹಾಕ್ತಾ ಹೋಗಿ ಮಧ್ಯ ಎರಡು ಕೆಂಪು ಹಾಕಿ, ಏನೂ ಗೊತ್ತಿಲ್ಲದವರ ಥರ ಮುಂದೆ ಹೋಗಿ. ನಮ್ಮನೇಲಿ ಮೊನ್ನೆ ಹಂಗೆ ಮಾಡಿದ್ದಕ್ಕೆ ಸ್ಟೂಲು ಎಳ್ಕೊಂಡು ಬಂದು ಹತ್ತಿ, ಕ್ಲಿಪ್ ಕಿತ್ತು ಕೈಗೆ ಕೊಟ್ಟು, "ಅಮ್ಮಾ, ಡಬ್ಬೀಲಿ ತಪ್ಪು ಜನ ಕೂತಿದಾರೆ" ಅಂದ್ಲು. ಒಗೆದಿದ್ದ ಟವೆಲ್ ಮಣ್ಣಿಗೆ ಬಿತ್ತು, ಅದು ಬೇರೆ ವಿಷ್ಯ.