ಹೊಸ ಸ್ಪೀಕರ್ ಕೊಳ್ಳುವ ಮೊದಲು ಹಳೇದನ್ನು ಮೂರಡಿ ಸರಿಸಿ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಬಾಡಿಗೆ ಮನೆ. ಹಾಲ್ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಮೊಸಾಯಿಕ್ ನೆಲ. ಒಂದು ಗೋಡೆ ತುಂಬಾ ಗಾಜಿನ ಬಾಗಿಲಿನ ಷೋಕೇಸ್. ಟಿವಿಯ ಎಡಕ್ಕೊಂದು, ಬಲಕ್ಕೊಂದು ಸ್ಪೀಕರನ್ನು ಅದರೊಳಗೇ ಅಡ್ಡಡ್ಡ ಮಲಗಿಸಿದ್ದೆ. ಮೃದಂಗದ ಎಡಭಾಗ ನುಡಿದಾಗಲೆಲ್ಲ 'ಗುಂಯ್' ಅಂತ ಒಂದೇ ಸ್ವರ ಮನೆಯೆಲ್ಲ ಸುತ್ತುತ್ತಿತ್ತು. ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದರು: "ಏನೋ ಅದು, ಕಛೇರಿಯೋ, ಪಕ್ಕದ ರಸ್ತೆಯಲ್ಲಿ ಬೋರ್‌ವೆಲ್ ಕೊರೀತಿದಾರೋ?"

ಸ್ಪೀಕರ್ ಸರಿಯಿಲ್ಲ ಅಂದುಕೊಂಡೆ. ಅರ್ಧ ಬೆಲೆಗೆ ಮಾರಿದೆ. ಒಂದು ಅಂಗಡಿಯಲ್ಲಿ ಕೇಳಿ, ಮೆಚ್ಚಿ, ಬೇರೆ ಜೋಡಿ ತಂದೆ. ಅವನ್ನೂ ಅದೇ ಷೋಕೇಸಿಗೆ ತುಂಬಿದೆ. ಅದೇ 'ಗುಂಯ್'. ಅದೇ ಸ್ವರ! ಆಗ ಬುದ್ಧಿ ಬಂತು.

ನೀವು ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಫೋನಿನಲ್ಲಿ ಟೋನ್ ಜನರೇಟರ್ ಅಂತ ಹುಡುಕಿದರೆ ಬೇಕಾದ ಸ್ವರ ನುಡಿಸುವ ಬಿಟ್ಟಿ ಆ್ಯಪ್ ಸಿಗುತ್ತವೆ. ಫೋನನ್ನು ಆಂಪ್ಲಿಫೈಯರಿಗೆ ಜೋಡಿಸಿ, ವಾಲ್ಯೂಮ್ ಕಡಿಮೆ ಇಟ್ಟು 40 ಹರ್ಟ್ಸ್‌ನಿಂದ (ಅಂದರೆ ಸೆಕೆಂಡಿಗೆ 40 ಕಂಪನ) 150ರವರೆಗೆ ನಿಧಾನವಾಗಿ ಏರಿಸುತ್ತಾ ಹೋಗಿ. ನಮ್ಮಲ್ಲಿ 56ರ ಹತ್ತಿರ ಬಂದ ಕೂಡಲೇ ಷೋಕೇಸಿನ ಗಾಜು ಗಡಗಡ ಅಂತು. ಇದು ರೂಮಿನ ಅಳತೆಯಿಂದಲೇ ಬರುವ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 344 ಮೀಟರ್ ಓಡುತ್ತದೆ. ಗೋಡೆಯಿಂದ ಗೋಡೆಗೆ ಇರುವ ದೂರವನ್ನು ಎರಡರಿಂದ ಗುಣಿಸಿ, 344ನ್ನು ಅದರಿಂದ ಭಾಗಿಸಿ. 10 ಅಡಿ ಅಂದರೆ 3.05 ಮೀಟರ್, ಉತ್ತರ 56. ನಮ್ಮ ಮನೆಯಲ್ಲಿ ಅಗಲವೂ 10, ಎತ್ತರವೂ 10. ಎರಡೂ ಒಂದೇ ಸ್ವರಕ್ಕೆ ಕುಣಿಯುತ್ತವೆ. ಉದ್ದದ 12 ಅಡಿಗೆ 47 ಬರುತ್ತದೆ. ಯಾವ ಕಂಪನಿಯ ಸ್ಪೀಕರ್ ತಂದರೂ ಈ ಲೆಕ್ಕ ಬದಲಾಗಲ್ಲ. ಜಾಗ ಬದಲಾಯಿಸಿದರೆ ಮಾತ್ರ ಅದರ ಜೋರು ಕಡಿಮೆಯಾಗುತ್ತದೆ. ಮೂಲೆಗೆ ಒತ್ತಿಟ್ಟರೆ ಅತಿ ಜಾಸ್ತಿ.

ಸ್ಪೀಕರ್ ಹೇಗೆ ಕೆಲಸ ಮಾಡುತ್ತೆ ಅಂತ ಒಂದಿಷ್ಟು ಗೊತ್ತಿದ್ದರೆ ಎಲ್ಲಿಡಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ಪೆಟ್ಟಿಗೆಯೊಳಗೆ ಸಣ್ಣ ದನಿಗೆ ಟ್ವೀಟರ್, ದಪ್ಪ ದನಿಗೆ ವೂಫರ್ ಅಂತ ಎರಡು ಭಾಗ. ಟ್ವೀಟರಿನ ಸಣ್ಣ ದನಿ ಟಾರ್ಚಿನ ಬೆಳಕಿನ ಹಾಗೆ, ಎತ್ತ ತಿರುಗಿಸಿದರೆ ಅತ್ತ. ದಪ್ಪ ದನಿ ಹಾಗಲ್ಲ. 8 ಇಂಚು ಅಗಲದ ಪೆಟ್ಟಿಗೆಯಾದರೆ ಸುಮಾರು 500–600 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಪೆಟ್ಟಿಗೆಯನ್ನು ಸುತ್ತಿಕೊಂಡು ಹಿಂದಕ್ಕೂ ಹೋಗುತ್ತದೆ. ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಹೀಗೆ ವಾಪಸ್ ಬಂದದ್ದು ಕೆಲವು ಸ್ವರಗಳನ್ನು ಎತ್ತುತ್ತದೆ, ಕೆಲವನ್ನು ನುಂಗುತ್ತದೆ. ಸ್ಪೀಕರಿನ ಮುಖದಿಂದ ಹಿಂದಿನ ಗೋಡೆಗೆ 2 ಅಡಿ ಇದ್ದರೆ ನುಂಗುವುದು 140 ಹರ್ಟ್ಸ್ ಹತ್ತಿರ. 1 ಕಟ್ಟೆ ಶ್ರುತಿಯಲ್ಲಿ ಹಾಡುವ ಗಂಡಸರ ಷಡ್ಜ, ಅಂದರೆ 'ಸ', 131 ಹರ್ಟ್ಸ್. ನನ್ನ ಎರಡನೇ ಪ್ರಯತ್ನದಲ್ಲಿ ಆದದ್ದು ಇದೇ. ಷೋಕೇಸಿನಿಂದ ಹೊರಗೆ ತಂದು, ಹಿಂದಕ್ಕೂ ಎರಡಡಿ, ಪಕ್ಕಕ್ಕೂ ಎರಡಡಿ ಅಂತ ಚಂದವಾಗಿ ಅಳೆದು ಇಟ್ಟೆ. ಗುಂಯ್ ತಗ್ಗಿತು, ಆದರೆ ಹಾಡುವವರಿಗೆ ಹೊಟ್ಟೆಯೇ ಇಲ್ಲದ ಹಾಗಾಯಿತು. ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ, ಈ ಮೂರಕ್ಕೂ ವೂಫರಿನಿಂದ ಇರುವ ದೂರ ಬೇರೆ ಬೇರೆ ಇರಬೇಕು. ಸಮ ಇದ್ದರೆ ಮೂರೂ ಸೇರಿ ಒಂದೇ ಸ್ವರವನ್ನು ತಿಂದುಹಾಕುತ್ತವೆ.

ಇನ್ನು ಮಲಗಿಸಿ ಇಡುವ ಅಭ್ಯಾಸ. ದಯವಿಟ್ಟು ಬೇಡ. ವೂಫರ್ ಮತ್ತು ಟ್ವೀಟರ್ ಕೆಲಸ ಹಂಚಿಕೊಳ್ಳುವುದು ಸಾಮಾನ್ಯವಾಗಿ 2000–3000 ಹರ್ಟ್ಸ್ ನಡುವೆ. 2500ರಲ್ಲಿ ಒಂದು ಅಲೆಯ ಉದ್ದ ಐದೂವರೆ ಇಂಚು, ಅಷ್ಟೇ. ನಿಮ್ಮ ಕಿವಿಗೆ ಒಂದು ಹತ್ತಿರ, ಇನ್ನೊಂದು ಎರಡೂಮುಕ್ಕಾಲು ಇಂಚು ದೂರ ಆದರೆ ಸಾಕು, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಪೆಟ್ಟಿಗೆ ನೆಟ್ಟಗೆ ನಿಂತಿದ್ದರೆ ಈ ತೊಂದರೆ ಎದ್ದು ನಿಂತಾಗ ಮಾತ್ರ. ಮಲಗಿಸಿದರೆ ಸೋಫಾದಲ್ಲಿ ಒಂಚೂರು ಪಕ್ಕಕ್ಕೆ ಸರಿದರೂ ದನಿ ಬದಲಾಗುತ್ತದೆ.

ಹಿಂಬದಿಯಲ್ಲಿ ತೂತು, ಅಂದರೆ ಪೋರ್ಟ್ ಇದೆಯಾ ನೋಡಿ. ಬಾಟಲಿ ಬಾಯಿಗೆ ಊದಿದರೆ ಹೂಂ ಅನ್ನುತ್ತಲ್ವಾ, ಅದೇ ಉಪಾಯ. ಸಣ್ಣ ಪೆಟ್ಟಿಗೆಯಿಂದ ದಪ್ಪ ದನಿ ಹೊರಡಿಸಲು ಮಾಡಿದ್ದು. ಗೋಡೆಗೆ ಹತ್ತಿರ ಇಟ್ಟರೆ ಗೋಡೆಯ ಏರಿಕೆಯೂ ಪೋರ್ಟಿನ ಏರಿಕೆಯೂ ಸೇರಿ ಅತಿಯಾಗುತ್ತದೆ. ಮುಂದೆ ತರಲು ಜಾಗವೇ ಇಲ್ಲ ಅನ್ನುವವರು ಒಂದು ಹತ್ತಿ ಕಾಲುಚೀಲ ಸುತ್ತಿ ತೂತಿಗೆ ಸಡಿಲವಾಗಿ ತುರುಕಿ. ತಮಾಷೆ ಅಲ್ಲ. ಕೆಲವು ಕಂಪನಿಗಳು ಇದಕ್ಕೆಂದೇ ಸ್ಪಂಜಿನ ಬಿರಡೆ ಕೊಡುತ್ತವೆ. ನನ್ನನ್ನು ಕೇಳಿದರೆ, ನಮ್ಮಂಥ ಚಿಕ್ಕ ಹಾಲ್‌ಗಳಿಗೆ ತೂತಿಲ್ಲದ ಮುಚ್ಚಿದ ಪೆಟ್ಟಿಗೆಯೇ ಮೇಲು. ಅದರಲ್ಲಿ ದಪ್ಪ ದನಿ ಬೇಗ ಇಳಿಯಲು ಶುರುವಾಗುತ್ತದೆ, ಆದರೆ ನಿಧಾನವಾಗಿ ಇಳಿಯುತ್ತದೆ. ಉಳಿದದ್ದನ್ನು ಗೋಡೆ ತುಂಬಿಕೊಡುತ್ತದೆ. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನಂಥ ಇಕ್ಕಟ್ಟು ಜಾಗಕ್ಕೆ ಮಾಡಿಸಿದ ಎಲ್‌ಎಸ್3/5ಎ ಅನ್ನುವ ಪುಟ್ಟ ಸ್ಪೀಕರೂ ಮುಚ್ಚಿದ ಪೆಟ್ಟಿಗೆಯೇ. ಮನುಷ್ಯರ ದನಿಗೆ ಅದನ್ನು ಇವತ್ತಿಗೂ ಹುಡುಕಿಕೊಂಡು ಹೋಗುವವರಿದ್ದಾರೆ.

ಸ್ಟ್ಯಾಂಡಿಗೆ ನಾನು ದುಡ್ಡು ಹಾಕಲಿಲ್ಲ. ಮನೆ ಕಟ್ಟುವ 16 ಇಂಚಿನ ಸಿಮೆಂಟ್ ಬ್ಲಾಕ್ ನಾಲ್ಕು ತಂದೆ. ಕೆಳಗೆ ಒಂದನ್ನು ಮಲಗಿಸಿ, ಅದರ ಮೇಲೆ ಒಂದನ್ನು ನಿಲ್ಲಿಸಿದರೆ 24 ಇಂಚು. ಮೇಲೆ ಒಂದಿಂಚಿನ ಕಡಪ ಕಲ್ಲಿನ ತುಂಡು. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಸ್ಪೀಕರಿನ ನಾಲ್ಕು ಮೂಲೆಗೆ ಕಾಲು ಮಾಡಿದೆ. ಬೆತ್ತದ ಕುರ್ಚಿಯಲ್ಲಿ ಕೂತಾಗ ನನ್ನ ಕಿವಿ ಇರುವುದು 36 ಇಂಚಿನಲ್ಲಿ, ಟ್ವೀಟರ್ 34ರಲ್ಲಿ. ಹಾಗಾಗಿ ಮುಂದಿನ ಎರಡು ಕಾಲಿಗೆ ಒಂದೊಂದು ತೆಳು ತುಂಡು ಜಾಸ್ತಿ ಕೊಟ್ಟೆ, ಸ್ಪೀಕರ್ ತುಸು ಮೇಲಕ್ಕೆ ನೋಡುತ್ತದೆ. ಮನೆಯಲ್ಲಿ ಮಕ್ಕಳು ಓಡಾಡುತ್ತಿದ್ದರೆ ಬ್ಲಾಕುಗಳ ನಡುವೆ ಸಿಮೆಂಟ್ ಹಾಕಿಸಿಬಿಡಿ.

ಕೊನೆಗೆ ನಿಂತ ಅಳತೆ ಇದು. ಹಿಂದಿನ ಗೋಡೆಯಿಂದ ಸ್ಪೀಕರಿನ ಮುಖಕ್ಕೆ 36 ಇಂಚು. ಪಕ್ಕದ ಗೋಡೆಯಿಂದ ವೂಫರಿನ ನಡುವಿಗೆ 20 ಇಂಚು. ನೆಲದಿಂದ 29. ಎರಡು ಸ್ಪೀಕರುಗಳ ನಡುವೆ 80 ಇಂಚು, ಕುರ್ಚಿಯಿಂದ ಒಂದೊಂದಕ್ಕೂ 80 ಇಂಚು. ಮೂರು ಬದಿಯೂ ಸಮ. ಹೀಗಿಟ್ಟಾಗ ನನ್ನ ತಲೆಯ ಹಿಂದೆ ಗೋಡೆಗೆ ಮೂರಡಿಗಿಂತ ಸ್ವಲ್ಪ ಜಾಸ್ತಿ ಉಳಿಯಿತು. ಸೋಫಾವನ್ನು ಗೋಡೆಗೆ ಅಂಟಿಸಿ ಕೂತರೆ ಗುಂಯ್ ಮತ್ತೆ ಶುರು. ರೂಮಿನ ನಟ್ಟನಡುವೆ ಕೂತರೆ ಅದೇ ದಪ್ಪ ದನಿ ಮಾಯ. ಎರಡೂ ಬೇಡ. ನಿಮ್ಮ ಅಳತೆ ಬೇರೆ ಬರುತ್ತದೆ, ಟೇಪು ಹಿಡಿದು ಮೂರು ಇಂಚು ಮುಂದೆ, ಮೂರು ಇಂಚು ಹಿಂದೆ ಅಂತ ಒಂದು ಭಾನುವಾರ ಕಳೆಯಿರಿ.

ದನಿ ಸರಿಯಾಗಿ ನಡುವೆ ಕೂತಿತಾ ಅಂತ ತಿಳಿಯಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೋ ಆಡಿಯೋ ಆನ್ ಮಾಡಿ ಒಬ್ಬರೇ ಹಾಡಿದ್ದನ್ನು ಹಾಕಿ. ಕಣ್ಣು ಮುಚ್ಚಿ. ಹಾಡುವವರು ಎರಡು ಸ್ಪೀಕರುಗಳ ಮಧ್ಯೆ, ಖಾಲಿ ಗೋಡೆಯ ಮುಂದೆ ಕೂತಂತೆ ಕೇಳಬೇಕು. ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದೆ, ದಪ್ಪ ದನಿಯೂ ಸೊರಗಿದ್ದರೆ, ಒಂದು ಸ್ಪೀಕರಿನ ಕೆಂಪು ಕಪ್ಪು ವೈರು ಅದಲುಬದಲಾಗಿದೆ. ಆಂಪ್ಲಿಫೈಯರ್ ಆರಿಸಿ, ಸರಿಮಾಡಿ.

ಆಮೇಲೆ ಚಪ್ಪಾಳೆ ತಟ್ಟಿ ನೋಡಿ. 'ಝಿಂಗ್' ಅಂತ ಬಾಲ ಬಂದರೆ ಎದುರುಬದುರು ಬೋಳು ಗೋಡೆಗಳು ಮಾತಾಡಿಕೊಳ್ಳುತ್ತಿವೆ. ನಾನು ಕುರ್ಚಿಯಲ್ಲಿ ಕೂತೆ, ಮಗಳು ಕೈಗನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಸರಿಸುತ್ತಾ ಹೋದಳು. ಕನ್ನಡಿಯಲ್ಲಿ ಟ್ವೀಟರ್ ಕಂಡ ಕಡೆ ಪೆನ್ಸಿಲ್ ಗುರುತು. "ಅಪ್ಪಾ, ಇಲ್ಲಿ ಕ್ಯಾಲೆಂಡರ್ ಇದೆಯಲ್ಲಾ" ಅಂದಳು. ಕ್ಯಾಲೆಂಡರ್ ತೆಗೆದು ಅಲ್ಲಿ ಪುಸ್ತಕದ ಕಪಾಟು ಬಂತು, ಎದುರಿಗೆ ದಪ್ಪ ಪರದೆ. ನೆಲಕ್ಕೆ ನವಲಗುಂದದ ಜಮಖಾನ. ಇವೆಲ್ಲ ಸಣ್ಣ ದನಿಯನ್ನು ಹೀರುತ್ತವೆ, ಗುಂಯ್‌ಗೆ ಏನೂ ಮಾಡಲ್ಲ. ಅದಕ್ಕೆ ದಪ್ಪನೆಯ ವಸ್ತು ಬೇಕು. ಅಟ್ಟದಲ್ಲಿದ್ದ ಎರಡು ಹತ್ತಿ ಹಾಸಿಗೆ ಸುರುಳಿ ಸುತ್ತಿ ಸ್ಪೀಕರುಗಳ ಹಿಂದಿನ ಮೂಲೆಗಳಲ್ಲಿ ನಿಲ್ಲಿಸಿದೆ. ಸ್ವಲ್ಪ ಅನುಕೂಲವಾಯಿತು, ಪೂರ್ತಿ ಅಲ್ಲ. 1895ರ ಸುಮಾರಿಗೆ ಹಾರ್ವರ್ಡ್‌ನಲ್ಲಿ ವ್ಯಾಲೇಸ್ ಸೆಬೈನ್ ಅನ್ನುವ ಮೇಷ್ಟ್ರು ಒಂದು ಥಿಯೇಟರಿನ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ಸಾಗಿಸಿ, ದನಿ ಮೊಳಗಿ ಕಲಸಿಹೋಗುತ್ತಿದ್ದ ಉಪನ್ಯಾಸ ಹಾಲ್‌ನಲ್ಲಿಟ್ಟು ಅಳತೆ ಮಾಡುತ್ತಿದ್ದರಂತೆ. ಶಬ್ದ ಹೀರುವುದನ್ನು ಅಳೆಯಲು ಅವರು ಬಳಸಿದ ಮಾನ ತೆರೆದ ಕಿಟಕಿ. ಹೋದದ್ದು ವಾಪಸ್ ಬರಲ್ಲ ನೋಡಿ. ಕಿಟಕಿ ತೆಗೆದಿಡುವುದಕ್ಕೆ ಖರ್ಚೂ ಇಲ್ಲ, ಸೊಳ್ಳೆ ಬರುವ ಹೊತ್ತಿನವರೆಗೆ.

ಒಂದು ಕೆಲಸ ಬಾಕಿ. ನಮ್ಮ ಮನೆಯಲ್ಲಿ ದಸರೆಗೆ ಗೊಂಬೆ ಕೂರಿಸುತ್ತಾರೆ, ಮೆಟ್ಟಿಲು ಬರುವುದು ಸ್ಪೀಕರುಗಳ ಹಿಂದಿನ ಗೋಡೆಗೇ. ಬ್ಲಾಕು, ಕಲ್ಲು ಎಲ್ಲ ಹತ್ತು ದಿನ ಬೆಡ್‌ರೂಮಿಗೆ ಹೋಗಬೇಕು. ಮೊದಲ ವರ್ಷ ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದೆ, ನೆಲ ಒರೆಸುವಾಗ ಅಳಿಸಿಹೋಯಿತು. ಈಗ ಬ್ಲಾಕಿನ ಮೂಲೆಗಳಿಗೆ, ಕುರ್ಚಿಯ ಕಾಲುಗಳಿಗೆ ನೆಲದ ಮೇಲೆ ಉಗುರುಬಣ್ಣದ ಚುಕ್ಕೆ ಇಟ್ಟಿದ್ದೇನೆ. ಕೆಂಪು ಬಣ್ಣವನ್ನೇ ಹಾಕಿ, ಮೊಸಾಯಿಕ್ ನೆಲದಲ್ಲಿ ಬೇರೆ ಬಣ್ಣ ಕಾಣಿಸಲ್ಲ. ಮನೆ ಖಾಲಿ ಮಾಡುವಾಗ ರಿಮೂವರ್ ಹಾಕಿ ಉಜ್ಜಿದರೆ ಹೋಗುತ್ತದೆ ಅಂತ ಹೆಂಡತಿ ಭರವಸೆ ಕೊಟ್ಟಿದ್ದಾಳೆ. ಮನೆ ಮಾಲೀಕರು ಇನ್ನೂ ನೋಡಿಲ್ಲ.